ಎಡಗಾಲಿನ ಚಪ್ಪಲಿ

ಅಲಾರಂ ಗಡಿಯಾರದ ತಲೆಯ ಮೇಲೆ ಲೋಟ ಯಾಕೆ ಬೋರಲು ಬಿದ್ದಿದೆ ಎಂದು ಸೊಸೆ ಕೇಳಲೇ ಇಲ್ಲ. ಕೇಳಿದ್ದರೆ ಅರ್ಧ ಫಜೀತಿ ಅಲ್ಲಿಗೇ ಮುಗಿಯುತ್ತಿತ್ತು. ಆ ಭಾನುವಾರ ಲೋಟವನ್ನು ಎತ್ತಿ ಅಡುಗೆಮನೆಯ ಕಪಾಟಿಗೆ ಸೇರಿಸಿದಳು. ನಲ್ಲಿಗೆ ನೇತುಹಾಕಿದ್ದ ಛತ್ರಿಯನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಸಿದಳು. ರೇಡಿಯೋದ ಮೇಲೆ ಮಲಗಿದ್ದ ಬಟ್ಟೆ ಬ್ರಷ್ಷು ಬಚ್ಚಲಿಗೆ ಹೋಯಿತು. ಹೊರಗೆ ಮಾವನ ಎಡಗಾಲಿನ ಚಪ್ಪಲಿಯೊಳಗೆ ದಪ್ಪನೆಯ ಹೊಸ ಬೀಗವೊಂದು ಕೂತಿತ್ತು. ಅದನ್ನು ಕಂಡು ಅವಳಿಗೆ ನಗು ಬಂತು. ಒರೆಸಿ, ಉಪಕರಣಗಳ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಈ ಮನೆಗೆ ಅವಳು ಬಂದು ಇಪ್ಪತ್ತು ದಿನವಾಗಿತ್ತು. ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜು ಅವಳದು. ವಾರದ ಜನರನ್ನೆಲ್ಲ ಅರ್ಧರ್ಧ ಗಂಟೆಗೆ ಕತ್ತರಿಸಿ ಸಾಲಾಗಿ ಕೂರಿಸುವವಳು. ವಸ್ತುಗಳು ತಮ್ಮ ಜಾಗದಲ್ಲಿ ಇಲ್ಲದಿದ್ದರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮಧ್ಯಾಹ್ನ ತಮ್ಮ ಬೀಗದ ಅಂಗಡಿಯಿಂದ ಬಂದು ಮಲಗಿದ್ದ ಮಾವ ಎದ್ದು, ನಡುಮನೆಯಲ್ಲಿ ನಿಂತು ಸುತ್ತ ನೋಡಿದರು.

"ಮನೆ ಕನ್ನಡಿ ಥರ ಇದೆಯಲ್ಲಮ್ಮ," ಎಂದರು.

ಒಳ್ಳೆಯ ಮನುಷ್ಯ. ನನ್ನ ಇಡೀ ವಾರವನ್ನೇ ಗುಡಿಸಿ ಹಾಕಿಬಿಟ್ಟೆಯಲ್ಲ ಎನ್ನಲಿಲ್ಲ. ಅವರ ಮಟ್ಟಿಗೆ ಯಾವ ವಸ್ತು ಎಲ್ಲಿ ಇರಬಾರದೋ ಅಲ್ಲಿದ್ದರೆ ಅದೊಂದು ಕೆಲಸ. ನಲ್ಲಿಯ ಮೇಲಿನ ಛತ್ರಿ ಎಂದರೆ ವಾಷರ್ ಬದಲಿಸಬೇಕು. ರೇಡಿಯೋದ ಮೇಲಿನ ಬ್ರಷ್ಷೆಂದರೆ ತಂಗಿಗೆ ಫೋನ್ ಮಾಡಬೇಕು. ಗಡಿಯಾರದ ಮೇಲಿನ ಲೋಟವೆಂದರೆ ಸೊಸೆಗೊಂದು ಬೀಗದ ಕೈ ಮಾಡಿಕೊಡಬೇಕು. ಊರಿಗೆಲ್ಲ ಕೀ ಮಾಡಿಕೊಡುವವರ ಮನೆಗೆ ಇದ್ದದ್ದು ಎರಡೇ ಕೀ, ಒಂದು ಅವರದು, ಇನ್ನೊಂದು ಮಗನದು. ಪಾಪ, ಆ ಹುಡುಗಿ ಸಂಜೆ ಕೆಲಸದಿಂದ ಬಂದು ಇವರು ಬರುವ ತನಕ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಇನ್ನು ಎಡಗಾಲಿನ ಚಪ್ಪಲಿ ಎಲ್ಲಕ್ಕಿಂತ ತುರ್ತಿನ ಕೆಲಸಕ್ಕೆ ಮೀಸಲು. ಅದರೊಳಗೆ ಕಾಲಿಡದೆ ಮನೆ ಬಿಟ್ಟು ಹೋಗುವಂತಿಲ್ಲವಲ್ಲ.

ಮೊದಲೆಲ್ಲ ಅವರೂ ಬರೆದಿಡುತ್ತಿದ್ದರು. ಮೂವತ್ತು ವರ್ಷ ರಟ್ಟಿನ ಚೂರುಗಳ ಮೇಲೆ ಪೆನ್ಸಿಲಿನಲ್ಲಿ ಬರೆದವರೇ. ಎರಡು ವರ್ಷದಿಂದೀಚೆಗೆ ಅಕ್ಷರಗಳು ಆವಿ ಹಿಡಿದ ಗಾಜಿನ ಆಚೆಗೆ ಇದ್ದಂತೆ ಕಾಣತೊಡಗಿದವು. ಲೋಟ ಕಾಣುತ್ತದೆ, ಛತ್ರಿ ಕಾಣುತ್ತದೆ, ಸೊಸೆಯ ಮುಖ ನಕ್ಕರೆ ನಕ್ಕಿತು ಎನ್ನುವಷ್ಟು ಕಾಣುತ್ತದೆ. ಕೀ ಉಜ್ಜಲು ಕಣ್ಣೇ ಬೇಡ. ಹಲ್ಲು ಎಷ್ಟು ಇಳಿಯಿತು ಎಂಬುದು ಹೆಬ್ಬೆರಳಿಗೆ ಗೊತ್ತು. ಓದುವುದೊಂದು ಆಗುತ್ತಿರಲಿಲ್ಲ. ಇದನ್ನು ಅವರು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದರೆ ಮಗ ಅಂಗಡಿ ಮುಚ್ಚಿಸುತ್ತಾನೆ. ಅಂಗಡಿಯಿಲ್ಲದೆ ಬೆಳಗಾದರೆ ಎಲ್ಲಿಗೆ ಹೋಗುವುದು?

ಮಂಗಳವಾರ ಸಂಜೆ ಹಿಂದಿನ ಬೀದಿಯ ಹೊಲಿಗೆಯಾಕೆ ಮನೆಗೇ ಬಂದಳು. ಒಬ್ಬಳೇ ಇರುವ ಹೆಂಗಸು.

"ಬೀಗ ಕೆಟ್ಟು ಎರಡು ದಿನದಿಂದ ಹಿಂಬಾಗಿಲಿಗೆ ಹೊಲಿಗೆ ಮಿಷನ್ ಒತ್ತಿ ಇಟ್ಕೊಂಡು ಮಲಗ್ತಿದ್ದೀನಿ ಅಣ್ಣ. ನೀವು ಮರೆಯೋರಲ್ಲ, ಇವತ್ತು ಬರ್ತೀರ, ನಾಳೆ ಬರ್ತೀರ ಅಂತ ಸುಮ್ನಿದ್ದೆ."

ಜಗಳವಾಡಿದ್ದರೂ ತಡೆದುಕೊಳ್ಳಬಹುದಿತ್ತು. ಮಾವ ಪೆಟ್ಟಿಗೆ ತೆಗೆದು, ತಳದಲ್ಲಿದ್ದ ಬೀಗವನ್ನು ತಡಕಿ ಹುಡುಕಿಕೊಂಡು ಅವಳ ಹಿಂದೆಯೇ ಹೊರಟರು. ಅವರು ವಾಪಸು ಬರುವಷ್ಟರಲ್ಲಿ ಮಗ ಕಾದು ಕೂತಿದ್ದ.

"ಬೀಗದ ಕೆಲಸ ಅಂದ್ರೆ ಜನರ ನಿದ್ದೆ ನಿಮ್ಮ ಕೈಲಿರುತ್ತೆ ಅಪ್ಪ. ಮರೆವು ಶುರುವಾಯ್ತು ಅಂದ್ರೆ ಸಾಕು ಇನ್ನು. ಅಂಗಡಿ ಬಿಟ್ಟುಕೊಟ್ಟುಬಿಡೋಣ."

"ಒಂದು ಸಲಕ್ಕೇ?"

"ಒಂದು ತಿಂಗಳು ಕೊಡಿ," ಎಂದು ಸೊಸೆ ನಡುವೆ ಬಂದಳು. ಅವಳ ಮುಖ ಸಪ್ಪಗಾಗಿತ್ತು. "ಮಾವಂಗೆ ನಾನು ಒಂದು ದಾರಿ ಮಾಡಿಕೊಡ್ತೀನಿ. ಒಂದು ಕೆಲಸವೂ ತಪ್ಪಲ್ಲ." ಆಮೇಲೆ ಮೆಲ್ಲಗೆ ಕೇಳಿದಳು, "ಚಪ್ಪಲಿಯೊಳಗೆ ಇತ್ತಲ್ಲ, ಅದೇ ಬೀಗಾನಾ?"

"ಯಾವುದೋ ಒಂದು ಬಿಡಮ್ಮ," ಎಂದರು ಮಾವ.

ಮೊದಲು ಒಂದು ಪುಟ್ಟ ಪುಸ್ತಕ ತಂದಳು. ದಾರ ಕಟ್ಟಿದ ಪೆನ್ನಿನ ಸಮೇತ. ನಾಲ್ಕು ದಿನ ಅದು ಅವರ ಜೇಬಿನಲ್ಲಿ ಭದ್ರವಾಗಿತ್ತು. ತೆರೆದು ನೋಡಿದರೆ ಬಟಾಬಯಲು. "ಕೆಲಸವೇ ಬರ್ಲಿಲ್ಲಮ್ಮ," ಎಂದರು, ಕೈಬೆರಳಿಗೆಲ್ಲ ಹಿತ್ತಾಳೆಯ ಪುಡಿ ಮೆತ್ತಿಕೊಂಡು. ಆಮೇಲೆ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ದಿನಕ್ಕೆ ನಾಲ್ಕು ಸಲ ಅದು ಗಂಟೆ ಬಾರಿಸಿತು. ಏನೋ ಒಂದು ಮಾಡಬೇಕು ಎಂಬುದು ಅವರಿಗೆ ಗೊತ್ತಾಗುತ್ತಿತ್ತು, ಏನು ಎಂಬುದನ್ನು ತಿಳಿಯಲು ಓದಬೇಕಿತ್ತು. ಫೋನನ್ನು ದಿಂಬಿನ ಕೆಳಗೆ ಹಾಕಿ ಅದರ ಮೇಲೆ ಕೂತರು.

ಕೊನೆಗೆ ಬಂದದ್ದು ಬಿಳಿ ಹಲಗೆ. ಅಡುಗೆಮನೆಯ ಬಾಗಿಲ ಪಕ್ಕ ಮೊಳೆ ಹೊಡೆಸಿ ತೂಗುಹಾಕಿದಳು. ದಿನಾ ಬೆಳಿಗ್ಗೆ ಜನ ತನಗೆ ಫೋನ್ ಮಾಡಿ ಹೇಳಿದ ಅವತ್ತಿನ ಕೆಲಸಗಳನ್ನು ದಪ್ಪನೆಯ ನೀಲಿ ಅಕ್ಷರದಲ್ಲಿ ಬರೆಯುತ್ತಿದ್ದಳು. ಮಾವ ಕೈ ಹಿಂದೆ ಕಟ್ಟಿ ಅದರ ಮುಂದೆ ನಿಲ್ಲುತ್ತಿದ್ದರು. ತಲೆಯಾಡಿಸಿ, ಟೀ ಕುಡಿಯುತ್ತ, "ಮೊದಲು ಯಾವುದು ಮಾಡ್ಲಿ ಅಂತೀಯಮ್ಮ?" ಎನ್ನುತ್ತಿದ್ದರು. ಅವಳು ಖುಷಿಯಿಂದ ಪೂರ್ತಿ ಪಟ್ಟಿಯನ್ನು ಒಪ್ಪಿಸುತ್ತಿದ್ದಳು. ಅವರು ಒಂದನ್ನೂ ಬಿಡದೆ ತಲೆಯಲ್ಲಿ ಇಟ್ಟುಕೊಂಡು ಹೊರಡುತ್ತಿದ್ದರು. ಹೀಗೆ ಹತ್ತು ದಿನ ನಡೆಯಿತು. "ಪರವಾಗಿಲ್ವೇ," ಎಂದ ಮಗ, ಹಲಗೆಯನ್ನು ನೋಡಿ.

ಬುಧವಾರ ಸೊಸೆ ಎದ್ದದ್ದು ತಡವಾಯಿತು. ಹಿಂದಿನ ಸಂಜೆಯೇ ಹಲಗೆಯನ್ನು ಒರೆಸಿಟ್ಟಿದ್ದಳು; ಬೆಳಿಗ್ಗೆ ಬರೆಯಲು ಆಗಿರಲಿಲ್ಲ. ಒಲೆಯ ಮುಂದಿನಿಂದ ಅದನ್ನು ಹೇಳೋಣವೆಂದು ತಿರುಗಿದಳು. ಅಷ್ಟರಲ್ಲಿ ಮಾವ ಬಂದು ಹಲಗೆಯ ಮುಂದೆ ನಿಂತಾಗಿತ್ತು. ಅವರ ತಲೆ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯಿತು. ಮತ್ತೆ ಎಡಕ್ಕೆ ಬಂದು, ಒಂದು ಸಾಲು ಕೆಳಗಿಳಿಯಿತು. ಮೂರನೆಯ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಇವತ್ತು ಸ್ವಲ್ಪ ಜಾಸ್ತಿನೇ ಇದೆಯಲ್ಲಮ್ಮ," ಎಂದರು. "ಮೊದಲು ಯಾವುದು ಮಾಡ್ಲಿ?"

ಅವಳ ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ಹಲಗೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಅವಳು ತಿರುಗಿ ಒಲೆಯ ಉರಿ ಸಣ್ಣ ಮಾಡಿದಳು.

"ನಿಮಗೆ ತೋಚಿದ್ದು ಮಾಡಿ ಮಾವ. ಯಾವುದಕ್ಕೂ ಅವಸರ ಇಲ್ಲ."

ಅವತ್ತು ಆಸ್ಪತ್ರೆಯ ಮೇಜಿನಲ್ಲಿ ಅವಳು ಇಬ್ಬರನ್ನು ಒಂದೇ ಅರ್ಧ ಗಂಟೆಗೆ ಕೂರಿಸಿ ಬೈಸಿಕೊಂಡಳು. ಖಾಲಿ ಪುಸ್ತಕ, ದಿಂಬಿನ ಕೆಳಗಿನ ಫೋನು ಒಂದೊಂದಾಗಿ ನೆನಪಿಗೆ ಬಂದವು. ಅದಕ್ಕೂ ಹಿಂದಕ್ಕೆ ಹೋಗಿ, ಆ ಭಾನುವಾರ ಎಲ್ಲಿಂದ ಏನು ಎತ್ತಿದ್ದೆ ಎಂದು ನೆನಪು ಮಾಡಿಕೊಂಡಳು. ಊಟದ ಬಿಡುವಿನಲ್ಲಿ ಮೇಲಿನ ಮಹಡಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳು.

ಗುರುವಾರ ಬೆಳಿಗ್ಗೆ ಮಾವ ಎದ್ದು ಬಂದಾಗ ಹಲಗೆ ಇರಲಿಲ್ಲ, ಮೊಳೆ ಮಾತ್ರ ಇತ್ತು. ನಲ್ಲಿಯ ಮೇಲೆ ಛತ್ರಿ ತೂಗುತ್ತಿತ್ತು. ರೇಡಿಯೋದ ಮೇಲೆ ಬ್ರಷ್ಷು, ಗಡಿಯಾರದ ಮೇಲೆ ಬೋರಲು ಹಾಕಿದ ಲೋಟ. ಅವರು ಲೋಟವನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಟೀ ಕುಡಿದರು. ಹೊರಗೆ ಬಂದು ಎಡಗಾಲನ್ನು ಚಪ್ಪಲಿಗೆ ತೂರಿಸಿದರೆ ಬೆರಳಿಗೆ ಏನೋ ತಗುಲಿತು. ಬಗ್ಗಿ ತೆಗೆದರು. ಕನ್ನಡಕದ ಡಬ್ಬಿ, ಖಾಲಿ.

"ಇದು ನಾನಿಟ್ಟಿದ್ದಲ್ಲ."

"ನಾನಿಟ್ಟಿದ್ದು ಮಾವ," ಎಂದಳು ಸೊಸೆ ಬಾಗಿಲಲ್ಲಿ ನಿಂತು. "ಸೋಮವಾರ ಹತ್ತೂವರೆಗೆ. ನಾನೂ ಬರ್ತೀನಿ."

ಮಾವ ಡಬ್ಬಿಯ ಮುಚ್ಚಳವನ್ನು ಎರಡು ಸಲ ತೆರೆದು ಮುಚ್ಚಿದರು.

"ಅವನಿಗೆ ಹೇಳಿದ್ಯಾ?"

"ಅದು ನಿಮ್ಮ ಮಾತು. ನಾನ್ಯಾಕೆ ಹೇಳ್ಲಿ?"

"ಡಾಕ್ಟ್ರು ಇನ್ನು ಅಂಗಡಿ ಸಾಕು ಅಂದ್ಬಿಟ್ರೆ?"

"ಕಣ್ಣು ನೋಡಿ ಅಂದ್ರೆ ಕಣ್ಣು ನೋಡ್ತಾರೆ. ಅಂಗಡಿ ವಿಷಯ ಅವರನ್ನ ಯಾರು ಕೇಳಿದ್ರು?"

ಅವರು ನಗಲಿಲ್ಲ. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಗೇಟು ದಾಟಿ ಹೋದರು. ಸಂಜೆಯೂ ಆ ಮಾತು ಎತ್ತಲಿಲ್ಲ. ಊಟ ಮಾಡಿ ಮಲಗಿದರು. ದುಡುಕಿಬಿಟ್ಟೆನೇನೋ ಎಂದು ಸೊಸೆಗೆ ಭಯವಾಯಿತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ತನ್ನ ಚಪ್ಪಲಿಗೆ ಕಾಲಿಟ್ಟಳು. ಎಡಗಾಲಿಗೆ ತಣ್ಣಗೆ ಏನೋ ಒತ್ತಿತು. ಬಗ್ಗಿ ನೋಡಿದರೆ ಹೊಸ ಬೀಗದ ಕೈ. ಹಲ್ಲುಗಳ ನಡುವೆ ಹಿತ್ತಾಳೆಯ ಪುಡಿ ಇನ್ನೂ ಹೊಳೆಯುತ್ತಿತ್ತು. ಪಕ್ಕದಲ್ಲಿ ಮಾವನ ಚಪ್ಪಲಿಗಳು ಒಂದು ಆ ಕಡೆ, ಒಂದು ಈ ಕಡೆ ಬಿದ್ದಿದ್ದವು. ಎಡಗಾಲಿನದರೊಳಗೆ ಕನ್ನಡಕದ ಡಬ್ಬಿ ಕೂತಿತ್ತು. ಚಪ್ಪಲಿಗಳನ್ನು ಜೋಡಿಸಲೆಂದು ಅವಳ ಕೈ ಅಭ್ಯಾಸಬಲದಿಂದ ಮುಂದಕ್ಕೆ ಹೋಯಿತು.

"ಅದನ್ನ ಎತ್ತಿಡಬೇಡಮ್ಮ," ಎಂದರು ಮಾವ ಒಳಗಿನಿಂದ. "ಸೋಮವಾರದ ತನಕ ಅಲ್ಲೇ ಇರಲಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಬಾಗಿಲನ್ನು ಎಳೆದುಕೊಂಡು, ಮನೆಯೊಳಗೆ ಮಾವ ಇದ್ದರೂ, ಹೊಸ ಕೀಯನ್ನು ಹೊರಗಿನಿಂದ ಇಟ್ಟು ಒಮ್ಮೆ ತಿರುಗಿಸಿ ನೋಡಿದಳು. ಅದು ಎಲ್ಲೂ ತಡೆಯದೆ ತಿರುಗಿತು.