ಹನಮಂತಪ್ಪನ ಬೆನ್ನು

ಪರಶಪ್ಪ ಸತ್ತ ಹನಮಂತಪ್ಪನ ಎರಡೂ ಭುಜ ಹಿಡಿದು ಗೋಡೆಗೆ ಒತ್ತಿದ. ಎದೆಗೆ ಸುತ್ತಿ ಗೂಟಕ್ಕೆ ಕಟ್ಟಿದ ಧೋತರ ಬಿಗಿಯಿತು, ಮತ್ತೆ ಜಾರಿತು. ಹೆಣ ಇಡಿಯಾಗಿ ಮುಂದಕ್ಕೆ ವಾಲಿತು.

"ಅಕ್ಕಾ, ಸೆಟದು ಹೋಗ್ಯಾರ. ಬೆನ್ನಿಗೆ ಮೊಣಕಾಲ ಕೊಟ್ಟು ಎಳದ್ರ ಬರತೈತಿ, ಇಲ್ಲಂದ್ರ ಇಲ್ಲ."

"ಎಳಿ," ಅಂದಳು ವೀರವ್ವ. "ಬಾಳೆಲ್ಲಾ ಬಗ್ಗಿದ್ದಾತು. ಹೋಗೂವಾಗರ ಗಂಡಸು ನೆಟ್ಟಗ ಕುಂದರಲಿ."

ಪರಶಪ್ಪನ ಹೊಸ ಮೊಬೈಲಿನಿಂದ ಸುದ್ದಿ ಹೋದದ್ದೇ, ಧಾರವಾಡದಲ್ಲಿ ಗಣಿತದ ಸಂಶೋಧನೆ ಮಾಡುತ್ತಿದ್ದ ಮಗಳು ಮಧುಮತಿ ಅಲ್ಲಿಂದ ಮೊದಲ ಬಸ್ಸು ಹಿಡಿದು, ನರಗುಂದ, ರೋಣ ದಾಟಿ ಗಜೇಂದ್ರಗಡಕ್ಕೆ ಬಂದಿದ್ದಳು. ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವರ ಮಂದಿಯಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಜೀವ ಹೋದ ಕೂಡಲೇ ಅಪ್ಪನನ್ನೂ ಗೋಡೆಗೆ ಒರಗಿಸಿದ್ದರು. ಆದರೆ ಲಗ್ನವಾದಾಗಿನಿಂದ ಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದ ಗೂನುಬೆನ್ನು ಯಾವ ಗೋಡೆಗೆ ಒಗ್ಗೀತು, ಹೇಳಿ!

"ಮಾಮಾ, ಬ್ಯಾಡ! ಎಲುಬು ಮುರೀತಾವ."

"ಅವರಿಗೇನ ಗೊತ್ತಾಗತೈತವಾ ಈಗ?"

"ನನಗ ಗೊತ್ತಾಗತೈತಲ್ಲ!"

ವೀರವ್ವ ಮಗಳತ್ತ ತಿರುಗಿದಳು. "ನೆಟ್ಟಗ ಮಾಡ್ತೀನಿ ಅಂತ ನೀನ ಹೇಳಿದ್ದಿ. ಅದನ್ನ ನಂಬಿ ನಿಮ್ಮಪ್ಪ ಓಣಿ ತುಂಬ ಹೇಳ್ಕೊಂತ ತಿರುಗಿದ್ರು."



*

ಅದು ಹಿಂದಿನ ದೀಪಾವಳಿಯ ಮಾತು. ಹನಮಂತಪ್ಪ ಲಾಳಿ ಹೊಡೆಯುತ್ತಲೇ ಕೇಳಿದ್ದ: "ಅದೇನ ಲೆಕ್ಕಾ ಮಾಡ್ತೀಯವಾ ಇಷ್ಟ ವರ್ಸದಿಂದ?"

"ರಬ್ಬರು, ಚರ್ಮ, ಬೆನ್ನೆಲುಬಿನ ನಡುವಿನ ಮೆತ್ತನ್ನ ಗಾದಿ... ಇಂಥವು ಭಾಳ ಬಗ್ಗಿದ್ರ, ಭಾಳ ಜಗ್ಗಿದ್ರ ಒಳಗ ಏನಾಗತೈತಿ ಅಂತ ಗಣಿತದಾಗ ಬರಿಯೂದಪ್ಪಾ. ಚೂರು ಬಗ್ಗಿದ್ರ ಲೆಕ್ಕ ಸರಳ. ಭಾಳ ಬಗ್ಗಿದ್ರ ಆ ಲೆಕ್ಕ ನಡಿಯೂದಿಲ್ಲ."

"ಬಗ್ಗಿದ್ದು ತಿರುಗಿ ನೆಟ್ಟಗ ಆಗತೈತೇನು?"

"ರಬ್ಬರ ಆಗತೈತಿ. ಜೀವ ಇದ್ದದ್ದು ಹಂಗಲ್ಲ, ಬಗ್ಗಿಕೊಂತನ ಬೆಳದಿರತೈತಿ. ಮೊದಲಿನ ಆಕಾರ ಹ್ಯಾಂಗಿತ್ತು ಅಂತ ಗೊತ್ತಿಲ್ಲಂದ್ರ ನಮ್ಮ ಲೆಕ್ಕ ಶುರುನ ಆಗೂದಿಲ್ಲ."

ಲಾಳಿ ನಿಂತಿತು. ಹನಮಂತಪ್ಪ ಕತ್ತು ಓರೆ ಮಾಡಿ, ಕೆಳಗಿನಿಂದ ಮಗಳ ಮುಖ ನೋಡಿ ನಕ್ಕ. "ಹಂಗಾರ ನನ್ನ ಬೆನ್ನು? ನಿನ್ನ ಲೆಕ್ಕ ಮುಗಿಯೂದ್ರಾಗ ನೆಟ್ಟಗ ಆದೀತೇನು?"

ಆ ಮುಖಕ್ಕೆ ಇಲ್ಲ ಅನ್ನಲು ಯಾರಿಗೆ ಬಾಯಿ ಬಂದೀತು? "ಆಗತೈತಪ್ಪಾ, ಮಾಡ್ತೀನಿ," ಅಂದುಬಿಟ್ಟಿದ್ದಳು.

ಅಷ್ಟರಲ್ಲಿ ವೀರವ್ವ ದಿನದಂತೆ ಬಂದು, ತಗ್ಗಿನ ದಂಡೆಗೆ ನಿಂತು ಕೈ ಚಾಚಿದಳು. "ಏಳ್ರಿ, ದೀಪ ಹಚ್ಚೂ ಹೊತ್ತಾತು. ಸಾಕು." ಆ ಕೈ ಹಿಡಿಯದೆ ಅವನಿಗೆ ಮೇಲೇಳಲು ಆಗುತ್ತಿರಲಿಲ್ಲ.

*

"ಯವ್ವಾ, ಸುಳ್ಳು ಹೇಳಿದ್ದೆ," ಅಂದಳು ಮಧುಮತಿ. "ಅದು ಆಗೂದಲ್ಲ. ನಾ ಹುಟ್ಟಿದಾಗಿಂದ ಅಪ್ಪನ್ನ ಹಿಂಗ ಕಂಡೀನಿ. ನೆಟ್ಟಗ ನಿಂತಿದ್ದು ಯಾರರ ನೋಡ್ಯಾರೇನು?"

"ನಾ ನೋಡೀನಿ." ವೀರವ್ವ ಗಂಡನತ್ತ ತಿರುಗಿದಳು. "ಲಗ್ನದಾಗ, ಅಕ್ಕಿಕಾಳ ಹಾಕೂ ಮುಂದ. ಭಾಳ ಎತ್ತರಿದ್ರವಾ ನಿಮ್ಮಪ್ಪ. ಕತ್ತ ಎತ್ತಿ ನೋಡಿದ್ದೆ. ಇನ್ನೊಮ್ಮೆ ಹಂಗ ನೋಡ್ತೀನಿ, ಅಷ್ಟ."

ಪರಶಪ್ಪ ಇನ್ನು ಕಾಯಲಿಲ್ಲ. ಬೆನ್ನಿಗೆ ಮೊಣಕಾಲು ಕೊಟ್ಟು ಭುಜ ಹಿಂದಕ್ಕೆ ಎಳೆದ. ಒಳಗೆಲ್ಲೋ ಲಟಕ್ಕೆಂದಿತು.

"ಬಿಡೋ!" ವೀರವ್ವ ಚೀರಿಕೊಂಡು ತಮ್ಮನನ್ನು ದೂಡಿದಳು. "ಬಿಡೋ, ನೋವಾಗತೈತಿ ಅವರಿಗೆ!" ಗಂಡನ ಬೆನ್ನಿನ ಮೇಲೆ ಮುಖವಿಟ್ಟು, ಎಣ್ಣೆ ಹಚ್ಚುವಾಗ ತಿಕ್ಕುತ್ತಿದ್ದಂತೆ ಅಂಗೈಯಿಂದ ತಿಕ್ಕತೊಡಗಿದಳು. ಮಧುಮತಿಗೆ ಆಗ ಅಳು ಬಂತು.

ಕುಣಿ ತೋಡುತ್ತಿದ್ದ ನೆರೆಮನೆಯ ಕಾಶೀಂಸಾಬನ ಹತ್ತಿರ ಅವಳೇ ಹೋದಳು. "ಕಾಕಾ, ಬೆನ್ನು ತಾಗೂ ಕಡೆ ಮಣ್ಣು ಒಳಗ ಕಡೀರಿ, ಹಿಂಗ," ಎಂದು ಗೂನಿನ ಬಾಗನ್ನು ಕೈಯಿಂದ ಗಾಳಿಯಲ್ಲಿ ತೋರಿಸಿದಳು. ಕಲಿತ ಗಣಿತವೆಲ್ಲ ಆ ದಿನ ಅಷ್ಟಕ್ಕೇ ಬಂತು.

ಸಂಜೆ ಕುಣಿಗೆ ಇಳಿಸಿದರು. ಎಡ ಅಂಗೈ ಮೇಲೆ ಲಿಂಗ, ಅದರತ್ತ ಬಾಗಿದ ತಲೆ. ದಿನಾ ಮಗ್ಗದಲ್ಲಿ ಕೂತಂತೆಯೇ ಕೂತಿದ್ದ. ವಿಭೂತಿ, ಬಿಲ್ವಪತ್ರಿ ಬಿದ್ದವು. ಹೊತ್ತು ಗುಡ್ಡದ ಹಿಂದೆ ಇಳಿದಿತ್ತು. ಮಣ್ಣು ಹಾಕಿರಿ ಎಂದರು ಅಯ್ಯನೋರು.

ಕೊನೆಯ ಸಲ ನೋಡಲಿ ಎಂದು ಎಲ್ಲರೂ ವೀರವ್ವನಿಗೆ ದಾರಿ ಬಿಟ್ಟರು. ಅವಳು ದಂಡೆಗೆ ಬಂದು, ಬಗ್ಗಿ, ಕೈ ಚಾಚಿದಳು.

"ಏಳ್ರಿ," ಅಂದಳು. "ದೀಪ ಹಚ್ಚೂ ಹೊತ್ತಾತು. ಸಾಕು."

ಪರಶಪ್ಪನ ಬೊಗಸೆಯ ಮಣ್ಣು ಬೊಗಸೆಯಲ್ಲೇ ಉಳಿಯಿತು. ವೀರವ್ವನ ಕೈ ಚಾಚಿಯೇ ಇತ್ತು.