ಬಲಗಡೆಯ ಸೀಟು

ಬಿಲ್ಕೀಸ್ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಳು. ಚಕ್ರಗಳು ಬಲಕ್ಕೆ ತಿರುಗಿದವು.

ಜಾಕಿಯ ಮೇಲೆ ಮೂತಿ ಎತ್ತಿ ನಿಂತಿದ್ದ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಶೈಲಜಾ ಕನ್ನಡಕ ಒರೆಸಿಕೊಂಡಳು. "ಅಕ್ಕಾ, ಇನ್ನೊಂದ್ಸಲ ತಿರುಗ್ಸಿ."

ಬಲಕ್ಕೆ ತಿರುಗಿಸಿದರೆ ಚಕ್ರಗಳು ಎಡಕ್ಕೆ ಹೋದವು.

"ಯಾ ಅಲ್ಲಾ! ಇದೇನು ಶೈಲೂ, ನಮ್ಮನೆಯವರ ಥರಾನೇ ಆಗೋಯ್ತಲ್ಲ. ಈ ಕಡೆ ಅಂದ್ರೆ ಆ ಕಡೆ!"

"ಕೇಳಿಸ್ತು," ಎಂದ ಗ್ಯಾರೇಜಿನ ಬಾಗಿಲಲ್ಲಿ ಚಹಾ ಹೀರುತ್ತಿದ್ದ ಗಂಡ ಕಲೀಮ್. "ನಾನು ಮೊದ್ಲೇ ಹೇಳ್ದೆ, ಅಂಗಡೀಲಿ ರೆಡಿ ಸ್ಟೀರಿಂಗು ಸಿಗತ್ತೆ ಅಂತ."

ರೆಡಿ ಬೇಡ ಎಂದೇ ಬಿಲ್ಕೀಸಳ ಹಟ. ಅಮೆರಿಕದ ಫ್ರೀಮಾಂಟಿನ ಆ ಗ್ಯಾರೇಜಿನಲ್ಲಿ ಹಾಟ್ ರಾಡ್ ಒಂದು ಅವಳ ಕೈಯಲ್ಲೇ ಮೈತುಂಬಿಕೊಂಡಿತ್ತು. ತಾತನ ಕಾಲದ ಕಾರಿನ ತಗಡಿಗೆ ದೈತ್ಯ ಎಂಜಿನ್ ಕೂರಿಸಿ, ಮೇಲಿನ ಮುಚ್ಚಳ ಕಿತ್ತೆಸೆದು, ಕೆಂಪು ಬಳಿದ ಗಾಡಿ. ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ದಾಟಿಸುವ ಸ್ಟೀರಿಂಗ್ ಬಾಕ್ಸು ಮಾತ್ರ ಮೈಸೂರಿನದು. ಮಂಡಿ ಮೊಹಲ್ಲಾದಲ್ಲಿ ಅಬ್ಬಾ ಓಡಿಸುತ್ತಿದ್ದ ಜೀಪಿನದು. ಜೀಪು ಗುಜರಿಗೆ ಹೋಗುವಾಗ ಅವಳು ಕೇಳಿದ್ದು ಅದೊಂದನ್ನೇ. ತಮ್ಮಂದಿರು ಬಿದ್ದು ಬಿದ್ದು ನಕ್ಕಿದ್ದರು. ಅದನ್ನು ದುಪಟ್ಟಾಗಳಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದಳು.

ಆ ಜೀಪಿನಲ್ಲಿ ಅವಳಿಗೆ ಸಿಕ್ಕಿದ್ದೆಲ್ಲ ಎಡಗಡೆಯ ಸೀಟು, ಮಡಿಲಲ್ಲಿ ಬುತ್ತಿ. ಮೀಸೆ ಮೂಡದ ತಮ್ಮಂದಿರು ಅಬ್ಬಾನ ತೊಡೆಯೇರಿ ಸ್ಟೀರಿಂಗ್ ಹಿಡಿದರು. ಸ್ಪ್ಯಾನರ್ ಕೊಡಲು ಬಿಲ್ಕೀಸ್ ಬೇಕು, ಗ್ರೀಸು ಒರೆಸಲು ಬಿಲ್ಕೀಸ್ ಬೇಕು, ಸ್ಟೀರಿಂಗ್ ಹಿಡಿಯಲು ಮಾತ್ರ ಬೇಡ. ಗಂಡಿನ ಕೈಗೆ ಚಕ್ರ, ಹೆಣ್ಣಿನ ಕೈಗೆ ಡಬ್ಬಿ ಎಂದು ಹಂಚಿದವರು ಯಾರು? ಆ ಹಂಚಿಕೆ ಕಡಲು ದಾಟಿ ಇಲ್ಲಿಗೂ ಬಂದಿತ್ತು. ಹೋದ ವರ್ಷ ಹಾಟ್ ರಾಡ್ ಕ್ಲಬ್ಬಿನ ಗ್ಯಾರಿ ಎಂಜಿನ್ ಬಗ್ಗೆ ಕೇಳಿದ್ದೆಲ್ಲ ಕಲೀಮನನ್ನು. ಜಮಖಾನೆ ಮಾರುವ ಕಲೀಮನಿಗೆ ಗೊತ್ತಿದ್ದದ್ದು ಬಣ್ಣ ಕೆಂಪು ಎನ್ನುವುದಷ್ಟೇ. ಈ ಸಲ ನೈಲ್ಸ್ ಕಣಿವೆಯ ರಸ್ತೆಯಲ್ಲಿ ಕ್ಲಬ್ಬಿನ ಗಾಡಿಗಳ ಮೆರವಣಿಗೆ ಹೊರಡುವಾಗ ಸ್ಟೀರಿಂಗ್ ಹಿಂದೆ ತಾನೇ ಕೂರಬೇಕು, ಅದೂ ಅಬ್ಬಾನ ಬಾಕ್ಸು ತಿರುಗಿಸಿಕೊಂಡು. ಅದಕ್ಕೆ ಬರುವ ಶನಿವಾರ ಕ್ಲಬ್ಬಿನ ತಪಾಸಣೆಯಲ್ಲಿ ಪಾಸಾಗಬೇಕು. ಇವತ್ತಾಗಲೇ ಭಾನುವಾರ.

"ತಪ್ಪು ನಂದೇ ಅಕ್ಕಾ," ಎಂದಳು ಶೈಲಜಾ. ಪಕ್ಕದ ಮನೆಯ ಈ ಬೆಂಗಳೂರಿನ ಹುಡುಗಿಗೆ ಸನ್ನಿವೇಲಿನಲ್ಲಿ ಕೆಲಸ, ಡ್ರೈವರೇ ಇಲ್ಲದ ಕಾರುಗಳ ಆಫೀಸಿನಲ್ಲಿ. "ಸ್ಟೀರಿಂಗು ನಮ್ಮೂರಲ್ಲಿ ರೈಟು, ಇಲ್ಲಿ ಲೆಫ್ಟು. ಡ್ರಾಯಿಂಗನ್ನ ಕನ್ನಡೀಲಿ ನೋಡ್ದಂಗೆ ತಿರುಗಿಸಿಬಿಟ್ರೆ ಆಯ್ತು ಅನ್ಕೊಂಡೆ."

ಇಲ್ಲಿಗೆ ಬಂದವರೆಲ್ಲ ಹಾಗೆಯೇ ಅಂದುಕೊಳ್ಳುವುದು. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಆಡಿಸಿದ ಮೇಲೆ ಬುದ್ಧಿ ಬರುತ್ತದೆ. ಬಾಕ್ಸನ್ನು ಹಿಡಿದಿಡುವ ಬ್ರಾಕೆಟ್ಟೇನೋ ಕನ್ನಡಿಯ ಮಾತು ಕೇಳಿತು. ಕಬ್ಬಿಣದ ಬಾಕ್ಸು ಕೇಳುತ್ತದೆಯೇ? ಎಡಗಡೆ ಕೂರಿಸಲು ಅದನ್ನು ಮಗುಚಿ ಹಾಕಿದ್ದರು. ಚಕ್ರಗಳನ್ನು ಎಳೆಯುವ ಡ್ರಾಪ್ ಆರ್ಮ್ ಈಗ ಹಿಂದೆ ಹೋಗಬೇಕಾದಲ್ಲಿ ಮುಂದೆ ಹೋಗುತ್ತಿತ್ತು.

"ಅಕ್ಕಾ, ಆರ್ಮನ್ನ ಮೇಲ್ಮುಖ ಮಾಡಿದ್ರೆ?"

"ಎಂಜಿನ್‌ಗೆ ಬಡಿಯತ್ತೆ."

"ಹಂಗಾದ್ರೆ ಬೇರೆ ಬಾಕ್ಸೇ ಗತಿ," ಎಂದ ಕಲೀಮ್. "ಹಟ ಬಿಡು."

ಬಿಲ್ಕೀಸ್ ಗಾಡಿಯನ್ನೊಮ್ಮೆ ಸುತ್ತು ಹಾಕಿ, ಬಲಗಡೆಯ ಬಾಗಿಲ ಹತ್ತಿರ ನಿಂತಳು. ಆ ಸೀಟನ್ನೇ ನೋಡಿದಳು.

"ಶೈಲೂ, ಇದು ಬಲಗಡೆಗೆ ಅಂತ ಹುಟ್ಟಿದ ಬಾಕ್ಸು. ಅದನ್ನ ಯಾಕೆ ಮಗುಚಬೇಕು? ಗಾಡೀನೇ ಬದಲಾಯ್ಸೋಣ. ಸ್ಟೀರಿಂಗು, ಬ್ರೇಕು, ಆಕ್ಸಿಲರೇಟರು, ಎಲ್ಲಾ ಬಲಕ್ಕೆ!"

"ಶನಿವಾರದೊಳಗಾ? ತಲೆ ಕೆಟ್ಟಿದ್ಯಾ ಅಕ್ಕಾ?"

"ಹೂಂ, ಪೂರ್ತಿ! ರಜಾ ಹಾಕ್ತೀಯೋ ಇಲ್ವೋ? ಸ್ಟೀರಿಂಗೇ ಇಲ್ಲದ ಕಾರು ಮಾಡಿ ಮಾಡಿ ನಿಂಗೂ ಕೈ ಜೋಮು ಹಿಡಿದಿರತ್ತೆ."

"ಬಲಗಡೆ ಇಟ್ರೆ ಪೊಲೀಸರು ಹಿಡೀತಾರೆ," ಎಂದ ಕಲೀಮ್.

"ಇಲ್ಲಿನ ಟಪಾಲಿನ ಗಾಡಿ ನೋಡಿಲ್ವಾ ನೀವು? ಅದರ ಸ್ಟೀರಿಂಗು ಬಲಗಡೆ ತಾನೇ ಇರೋದು?"

ಕಲೀಮ್ ಚಹಾದ ಲೋಟದೊಳಗೆ ಮುಖ ಹುದುಗಿಸಿದ.

ಆ ವಾರ ಗ್ಯಾರೇಜಿನಲ್ಲಿ ಹಬ್ಬ. ಕಟರ್ ಕಿಡಿ ಉಗುಳಿತು, ವೆಲ್ಡಿಂಗಿನ ಬೆಳಕಿಗೆ ಗೋಡೆ ನೀಲಿಯಾಯಿತು. ಶೈಲಜಾ ಕಾರಿನಡಿ ಅಂಗಾತ ಮಲಗಿ ಬೈಯುವುದನ್ನು ಕಲಿತಳು, ಅದೂ ಅಪ್ಪಟ ಮೈಸೂರು ಬೈಗುಳ. ಬೋಲ್ಟ್ ಬಿಗಿಯುವಾಗ ಕಲೀಮನೂ ಟಾರ್ಚು ಹಿಡಿದ. "ಸ್ವಲ್ಪ ಮೇಲೆ ಹಿಡೀರಿ. ಅಯ್ಯೋ, ನನ್ನ ಮುಖಕ್ಕಲ್ಲ!" ಎಂದು ಬೈಸಿಕೊಂಡ. ಬಾಕ್ಸು ಬಲಗಡೆಯಲ್ಲಿ ತಾನೇ ಜಾಗ ಹುಡುಕಿಕೊಂಡಂತೆ ಕೂತಿತು. ಎಡಕ್ಕೆ ತಿರುಗಿಸಿದರೆ ಚಕ್ರ ಎಡಕ್ಕೆ! ಇಬ್ಬರು ಹೆಂಗಸರೂ ಗ್ರೀಸು ಮೆತ್ತಿದ ಕೈಯಲ್ಲೇ ತಬ್ಬಿಕೊಂಡು ಕಿರುಚಿದ್ದಕ್ಕೆ ಅಕ್ಕಪಕ್ಕದ ಮನೆಗಳ ನಾಯಿಗಳೆಲ್ಲ ಬೊಗಳಿದವು.

ಶನಿವಾರ ತಪಾಸಣೆಗೆ ಗ್ಯಾರಿ ಬಂದ. ಎಂಜಿನ್ ಗುಡುಗುತ್ತಿತ್ತು. ನೇರ ಎಡಗಡೆಯ ಬಾಗಿಲಿಗೆ ಹೋಗಿ, ಒಳಗೆ ಕೂತಿದ್ದ ಕಲೀಮನ ಕೈ ಕುಲುಕಿದ. ಒಳ್ಳೇ ಗಾಡಿ ಕಟ್ಟಿದ್ದೀರಿ ಎಂದು ಹೊಗಳಿದ. ಮುಂದಿನ ಚಕ್ರದ ಮೇಲೆ ಕಣ್ಣು ನೆಟ್ಟು, "ಎಲ್ಲಿ, ಎಡಕ್ಕೆ ತಿರುಗಿಸಿ ನೋಡೋಣ," ಎಂದ.

ಕಲೀಮ್ ಖಾಲಿ ಅಂಗೈಗಳೆರಡನ್ನೂ ಎತ್ತಿ ತೋರಿಸಿದ. ಆಮೇಲೆ ಹೆಬ್ಬೆರಳಿನಿಂದ ಪಕ್ಕಕ್ಕೆ ಸನ್ನೆ ಮಾಡಿದ.

ಗ್ಯಾರಿ ಬಗ್ಗಿ ಇಣುಕಿದ. ಆಚೆ ಸೀಟಿನಲ್ಲಿ ದುಪಟ್ಟಾ ಬಿಗಿದು ಕಟ್ಟಿದ ಬಿಲ್ಕೀಸ್ ಸ್ಟೀರಿಂಗ್ ಹಿಡಿದು ನಗುತ್ತಿದ್ದಳು. ಅವನು ಗಾಡಿಯ ಮೂತಿಯನ್ನು ಸುತ್ತಿಕೊಂಡು ಇನ್ನೊಂದು ಬಾಗಿಲಿಗೆ ನಡೆದ. ಹಾಗೆ ನಡೆಸಲೆಂದೇ ಗಾಡಿ ಅಷ್ಟು ಉದ್ದವಿದ್ದಂತಿತ್ತು! ಅವಳು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಗ್ಯಾರಿ ಕೆಳಗೆ ನುಸುಳಿ ಪ್ರತಿ ಜಾಯಿಂಟನ್ನೂ ಹಿಡಿದು ಅಲುಗಾಡಿಸಿದ. ಒಂದೂ ಅಲುಗಲಿಲ್ಲ. ಈಚೆ ಬಂದು, ಈ ಸಲ ಅವಳನ್ನೇ ಕೇಳಿದ: "ಈ ಬಾಕ್ಸು ಎಲ್ಲಿಯದು?"

"ಮೈಸೂರು," ಎಂದಳು ಬಿಲ್ಕೀಸ್. "ನನ್ನಪ್ಪನ ಜೀಪಿಂದು. ಕೂರಿಸಿದ್ದು ನಾವಿಬ್ಬರು." ಬಾಗಿಲ ಪಕ್ಕ ನಿಂತಿದ್ದ ಶೈಲಜಾಳತ್ತ ಕೈ ತೋರಿಸಿದಳು.

ಗ್ಯಾರಿ ಗಾಜಿಗೆ ಪಾಸಿನ ಸ್ಟಿಕರ್ ಅಂಟಿಸಿದ. ನಾಳೆಯ ಮೆರವಣಿಗೆಯವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಬಿಲ್ಕೀಸ್ ಗೇರ್ ಹಾಕಿದಳು, ಗಾಡಿ ಬೀದಿಗೆ ನುಗ್ಗಿತು.

"ಅಕ್ಕಾ! ಸೀಟಷ್ಟೇ ಮೈಸೂರಿಂದು, ರೋಡು ಇಲ್ಲೀದು! ಬಲಗಡೆ ಹೋಗಿ, ಬಲಗಡೆ!" ಶೈಲಜಾ ಕಿರುಚುತ್ತಾ ಹಿಂದೆ ಓಡಿದಳು.

ಗಾಡಿ ಬಲಕ್ಕೆ ಸರಿಯಿತು, ಅವಳು ಹೇಳಿದಷ್ಟೇ, ಒಂದು ಕೂದಲಷ್ಟೂ ಹೆಚ್ಚಿಲ್ಲ. ಬಿಲ್ಕೀಸ್ ಆಕ್ಸಿಲರೇಟರ್ ಒತ್ತಿದಳು. ಎಡಗಡೆಯ ಸೀಟಿನಲ್ಲಿ ಕಲೀಮ್ "ಮೆಲ್ಲಗೆ ಕಣೇ, ಮೆಲ್ಲಗೆ!" ಎನ್ನುತ್ತಾ, ಪೆಡಲೇ ಇಲ್ಲದ ನೆಲವನ್ನು ಬಲಗಾಲಲ್ಲಿ ತುಳಿಯುತ್ತಲೇ ಇದ್ದ.