ಮೂರು ಎಂಬ ಸಹಿ

ತನ್ನ ವಿಮರ್ಶೆಯ ಒಂದು ಸಾಲನ್ನು ಮೆತ್ತಗೆ ಮಾಡಲೆಂದೇ ಫರಹತ್ ಬಸವಕಲ್ಯಾಣದಿಂದ ಬಸ್ಸು ಹತ್ತಿ ಹುಮನಾಬಾದಿನ ಪ್ರೆಸ್ಸಿಗೆ ಬಂದಿದ್ದಳು. ಎರಡು ವಾರದಿಂದ ಆ ಸಾಲು ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತು: 'ನಲವತ್ತು ದಿನ ಚಂದ್ರನ ಮೇಲೆ ನಡೆದವರಿಗೆ ಒಮ್ಮೆಯೂ ಬಾಯಾರುವುದಿಲ್ಲ, ಈ ಲೇಖಕರು ತಮ್ಮ ಪಾತ್ರಗಳ ಜೊತೆ ಒಂದು ಹೆಜ್ಜೆಯನ್ನೂ ಹಾಕಿಲ್ಲ.' ಕಾದಂಬರಿ ಬರೆದವರು ಯಾರೋ ಏನೋ, ಮೊದಲ ಪುಸ್ತಕವೋ ಏನೋ. ಇಷ್ಟು ಕಟುವಾಗಬೇಕಿತ್ತೇ?

ಯಾರೆಂದು ತಿಳಿಯುವಂತಿರಲಿಲ್ಲ. ವೈಜ್ಞಾನಿಕ ಕಥೆ ಕಾದಂಬರಿಗಳ ವಿಮರ್ಶೆಗೆಂದೇ ಅವಳೂ ಹಾಸ್ಟೆಲ್ ಗೆಳತಿ ಸ್ನೇಹಲ್‌ಳೂ ಆರು ವರ್ಷದ ಹಿಂದೆ ಶುರುಮಾಡಿದ ತ್ರೈಮಾಸಿಕ 'ನಾಳೆಯ ಓದು'. ಬಿಡುಗಡೆಗೆ ಮೊದಲೇ ಬರುವ ಪ್ರತಿಗಳಿಂದ ಹೆಸರಿನ ಹಾಳೆ ಕಿತ್ತು, ಶಾಲೆಯ ಪುಸ್ತಕದಂತೆ ಖಾಕಿ ಕಾಗದ ಸುತ್ತಿ ಸ್ನೇಹಲ್ ವಿಮರ್ಶಕರಿಗೆ ಕಳಿಸುತ್ತಿದ್ದಳು. ವಿಮರ್ಶಕರ ಹೆಸರೂ ಅಚ್ಚಾಗುತ್ತಿರಲಿಲ್ಲ. ಕೊನೆಗೊಂದು ಅಂಕಿ, ಅಷ್ಟೇ. ಬರಹಗಳು ಪ್ರೆಸ್ಸಿಗೆ ಹೋಗುತ್ತಿದ್ದುದೂ ಸ್ನೇಹಲ್‌ಳ ಕೈಯಿಂದಲೇ, ಯಾವ ಅಂಕಿ ಯಾರದೆಂದು ಅವಳಿಗೆ ಮಾತ್ರ ಗೊತ್ತು. ನೇಮ ಮಾಡಿದ್ದು ಫರಹತ್. ಅವಳ ಅಂಕಿ ಮೂರು. 'ಮೂರು ಸುಮ್ಮನೆ ಹೊಗಳುವವರಲ್ಲ' ಎಂದು ಓದುಗರು ಬರೆದ ಪತ್ರಗಳನ್ನು ಅವಳು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟುಕೊಂಡಿದ್ದಳು.

"ಬರ್ರಿ ಮೇಡಂ, ಕುಂದರ್ರಿ," ಎಂದ ಪ್ರೆಸ್ಸಿನ ಜಲಾಲುದ್ದೀನ್. "ಈ ಸಲ ನಿಮ್ಮ ಮೂರು ನಂಬರಿನವ್ರಿಗಿ ಏನಾಗ್ಯಾದ್ರಿ?"

ಫರಹತ್ ಕೂರಲಿಲ್ಲ. "ಯಾಕ್ರಿ ಚಾಚಾ, ಭಾಳ ಬೈದಾರೇನು?"

"ಬೈಯಾದೆಲ್ಲಿ! ಬೆಲ್ಲ ಹಚ್ಯಾರ, ಬೆಲ್ಲ. ಹೊಸಾ ಅಳಿಯ ಅತ್ತಿ ಅಡಗಿ ಹೊಗಳಿದಂಗ ಅದ. ಇಷ್ಟು ವರ್ಷ ಅವ್ರ ಮಾತು ಕೇಳೇ ಪುಸ್ತಕ ತಗೊಂಡಾಂವ ನಾ. ಇನ್ನ ಯಾರ ಮಾತು ನಂಬ್ಲಿ?"

ಪ್ರೂಫ್ ಕೈಗೆ ಬಂತು. 'ನಲವತ್ತು ದಿನ ಚಂದ್ರನ ಮೇಲೆ ನಡೆದವರ ಜೊತೆ ನಾನೂ ಹೆಜ್ಜೆ ಹಾಕಿದೆ.' ತನ್ನದೇ ವಾಕ್ಯ, ಒಳಹೊರಗಾದ ಅಂಗಿಯಂತೆ. ಕೆಳಗೆ 'ಮೂರು'.

ಮೇಜಿನ ಮೇಲೆ ಅವಳು ವಿಮರ್ಶಿಸಿದ್ದ ಕಾದಂಬರಿಯ ಮುಖಪುಟಗಳು ಒಣಗುತ್ತಿದ್ದವು. 'ಉಪ್ಪಿನ ಚಂದ್ರ'. ಹಿಂಬದಿಯಲ್ಲಿ ಲೇಖಕಿಯೆಂದು ಸ್ನೇಹಲ್‌ಳ ನಗುವ ಫೋಟೊ, ಅದರಡಿ ಮತ್ತದೇ ಸಾಲು, ಅದೇ ಅಂಕಿ.

ಫರಹತ್ ಬಾಗಿಲ ಹೊರಗೆ ನಿಂತು ಫೋನು ಹಚ್ಚಿದಳು.

"ನೋಡಿದ್ಯಾ?" ಎಂದಳು ಸ್ನೇಹಲ್. "ಸಿಟ್ಟಾಗಬ್ಯಾಡ ಫರಾ. ಮೂರು ಛಂದದ ಅಂದ್ರ ಮಂದಿ ನಂಬ್ತಾರ, ಅದಕ್ಕೇ ನನ್ನ ಪುಸ್ತಕ ನಿನಗ ಕೊಟ್ಟಿದ್ದೆ. ನೀ ಛಂದದ ಅನ್ನಲಿಲ್ಲ, ನಾನೇ ಅಂದೆ."

"ಅದು ನನ್ನ ಮಾತಲ್ಲ."

"ಹಂಗಂತ ಯಾರ ಮುಂದ ಹೇಳ್ತಿ? ಮೂರು ಅಂದ್ರ ನೀನಂತ ನನ್ನ ಬಿಟ್ಟು ಯಾರಿಗಿ ಗೊತ್ತದ?"

ದನಿಯಲ್ಲಿ ಗದರಿಕೆ ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಜಡೆ ಹೆಣೆಯುವಾಗಿನ ಅದೇ ಸಲಿಗೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಖಾಕಿ ಕಾಗದದ ಮಡಿಕೆಗಳನ್ನು ಸ್ನೇಹಲ್ ಎಷ್ಟು ನೀಟಾಗಿ ಮಡಚಿದ್ದಳು ಎಂಬುದಷ್ಟೇ ಫರಹತ್‌ಗೆ ನೆನಪಾಯಿತು.

ಒಳಗೆ ಬಂದಾಗ ಜಲಾಲುದ್ದೀನ್ ಕೆಂಪು ಪೆನ್ನು ಚಾಚಿದ. "ಏನಾರ ತಿದ್ದಾದು ಅದೇನ್ರಿ?"

ಹೆಸರು ಹೊರಬಿದ್ದರೆ ಆರು ವರ್ಷದಲ್ಲಿ 'ಮೂರು' ಕೈಲಿ ಬೈಸಿಕೊಂಡವರೆಲ್ಲ ನಾಳೆ ಅವಳು ಪಾಠ ಹೇಳುವ ಕಾಲೇಜಿನ ಬಾಗಿಲಿಗೇ ಬರುತ್ತಾರೆ. ಪತ್ರಿಕೆಯ ನೇಮವೂ ಅಲ್ಲಿಗೆ ಮುಗಿಯಿತು. ಅವಳು ಇಡೀ ಪುಟಕ್ಕೆ ಅಡ್ಡಗೆರೆ ಎಳೆದು, ಚೀಲದಿಂದ ತನ್ನ ಮೂಲ ಬರಹ ತೆಗೆದು ಮೇಲಿಟ್ಟಳು. ಬಾಯಾರಿಕೆಯ ಸಾಲನ್ನು ಮುಟ್ಟಲಿಲ್ಲ. ಕೆಳಗಿನ ಅಂಕಿ ಹೊಡೆದು 'ಫರಹತ್, ಬಸವಕಲ್ಯಾಣ' ಎಂದು ಬರೆದಳು.

ಜಲಾಲುದ್ದೀನ್ ಕನ್ನಡಕ ಏರಿಸಿ ಎರಡು ಸಲ ಓದಿದ. "ಅರೇ, ನೀವೇನ್ರಿ ಮೂರು? ಹಂಗಾರ ಆ ಬೆಲ್ಲ ಹಚ್ಚಿದವ್ರು ಯಾರು?"

ಫರಹತ್ ಒಣಗುತ್ತಿದ್ದ ಮುಖಪುಟವೊಂದನ್ನು ಫೋಟೊ ಮೇಲಾಗುವಂತೆ ತಿರುಗಿಸಿ ಅವನತ್ತ ಸರಿಸಿದಳು. ಬೆರಳಿಗೆ ಹಸಿ ಮಸಿ ಅಂಟಿತು.